ಕೀಲಿನಿಂದ ಎಷ್ಟು ದೂರ

"ಯಾವ ಬಿಂದುವಿನ ಸುತ್ತ ಮೊಮೆಂಟ್ ತಗೋಬೇಕು ಮೇಡಂ?"

ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ಸಮತೋಲನದ ಲೆಕ್ಕ ಶುರುವಾದ ದಿನ ಈ ಪ್ರಶ್ನೆ ಬಂದೇ ಬರುತ್ತದೆ, ನನಗೆ ಸಿಟ್ಟೂ ಬಂದೇ ಬರುತ್ತದೆ. ಅಲುಗದೆ ನಿಂತ ವಸ್ತುವಿಗೆ ಯಾವ ಬಿಂದು ಹಿಡಿದರೂ ಸರಿಯೇ. ಆದರೆ ಗೊತ್ತಿಲ್ಲದ ಬಲ ಎಲ್ಲಿ ಕೂತಿದೆಯೋ ಅದೇ ಬಿಂದುವನ್ನು ಹಿಡಿದರೆ ಅದರ ಕಾಟ ತಪ್ಪುತ್ತದೆ. ಬೋರ್ಡಿನ ಮೇಲೆ ಒಂದು ಬಾಗಿಲು ಬರೆಯುತ್ತೇನೆ. ಕೀಲು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನುವುದು ನಮಗೆ ಬೇಡ. ತಳ್ಳುವ ಬಲ ಎಷ್ಟು, ಅದು ಕೀಲಿನಿಂದ ಎಷ್ಟು ದೂರ, ಎರಡನ್ನೂ ಗುಣಿಸಿ, ಅದೇ ಮೊಮೆಂಟ್. ಈ ಕಡೆಯದೂ ಆ ಕಡೆಯದೂ ಸಮವಾದರೆ ಬಾಗಿಲು ತಿರುಗುವುದಿಲ್ಲ. ಅದು ಯಾರ ಮನೆಯ ಬಾಗಿಲು ಎಂದು ಮಾತ್ರ ಮಕ್ಕಳಿಗೆ ಹೇಳಿಲ್ಲ.

ಹರವೆಯ ಹತ್ತಿರ ನಮ್ಮೂರು. ಅಪ್ಪ ಜಮೀನಿದ್ದ ಮನುಷ್ಯ, ಊರಿನವರ ಮುಂದೆ ಬಲು ಮರ್ಯಾದಸ್ಥ. ಮನೆಯೊಳಗೆ ಅವನ ಕೈ ಮೊದಲು ಮಾತಾಡುತ್ತಿತ್ತು. ಅವ್ವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಭೀಮನಬೀಡಿನ ನಮ್ಮತ್ತೆ ತನ್ನ ಮಗನಿಗೆ ನನ್ನನ್ನು ಕೇಳಲು ನೆಂಟರ ಜೊತೆ ಬಂದಳು. ಅಪ್ಪ ಮೊದಲೇ ಮಾತು ಕೊಟ್ಟಾಗಿತ್ತು. ಎಲ್ಲರೂ ಊಟಕ್ಕೆ ಕೂತಿದ್ದಾಗ, ಬಡಿಸುತ್ತಿದ್ದ ಅವ್ವ ಸಾರಿನ ಸೌಟು ಹಿಡಿದುಕೊಂಡೇ ಹೇಳಿಬಿಟ್ಟಳು: "ನನ್ ಮಗ್ಳು ಇನ್ನೂ ಓದ್ತಾಳ. ಈಗ ಮದ್ವ ಇಲ್ಲ. ಊಟ ಮಾಡ್ಕಂಡು ಓಗಿ."

ಅಪ್ಪ ನಕ್ಕ. ನೆಂಟರನ್ನು ಬಸ್ಸಿನವರೆಗೂ ಕಳಿಸಿಕೊಟ್ಟ. ವಾಪಸ್ಸು ಬಂದವನು ನೇರ ಕೊಟ್ಟಿಗೆಗೆ ಹೋಗಿ ಮಚ್ಚು ತಂದ.

ನಾವು ದೇವರ ಕೋಣೆಗೆ ಓಡಿದೆವು. ಅರಿಶಿನದ ಮೂಟೆಗಳನ್ನೂ ಅಲ್ಲೇ ಇಡುತ್ತಿದ್ದ ಇಕ್ಕಟ್ಟಾದ ಕೋಣೆ ಅದು. ಒಳಕ್ಕೆ ತೆರೆಯುವ ಒಂದೇ ಹಲಗೆಯ ಬಾಗಿಲು. ಚಿಲಕವನ್ನು ಹಿಂದಿನ ಜಗಳದಲ್ಲೇ ಅಪ್ಪ ಒದ್ದು ಮುರಿದಿದ್ದ. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಎದುರು ಗೋಡೆಗೆ ಎರಡೂ ಕಾಲು ಒತ್ತಿ ತಡೆದಳು. ನಾನು ಪಕ್ಕದಲ್ಲಿ ನಿಂತು ಕೈಯಿಂದ ತಳ್ಳಿದೆ.

"ತಗಿಯಮ್ಮಿ ಬಾಗ್ಲ! ಇವತ್ತು ನಿನ್ನ ಕಡೀದೆ ಬುಟ್ರೆ ನಾನು ಗಂಡ್ಸೇ ಅಲ್ಲ!"

ಅವನ ಭುಜ ಹಲಗೆಯ ನಡುವಿಗೆ ಬಡಿಯಿತು. ಹೊರಗೆ ಬಾಗಿಲು ತೆರೆಯುವ ಅಂಚಿನ ಬಳಿ ನೆಲದಲ್ಲಿ ಹೂತ ಒರಳುಕಲ್ಲಿತ್ತು, ಅದಕ್ಕೇ ಅವನು ನಡುವಲ್ಲೇ ನಿಲ್ಲಬೇಕಿತ್ತು. ಆದರೂ ಬಾಗಿಲು ಗೇಣುದ್ದ ಬಿಟ್ಟುಕೊಂಡಿತು. ಸಂದಿನಲ್ಲಿ ಮಚ್ಚಿನ ತುದಿ ತೂರಿ ನನ್ನ ಮೊಣಕೈ ಸೀಳಿತು. ರಕ್ತ ಬಿಸಿಯಾಗಿ ಇಳಿಯಿತು. ನಾನು ತಳ್ಳಿದಷ್ಟೂ ಗಾರೆನೆಲದ ಮೇಲೆ ಕಾಲು ಜಾರುತ್ತಿತ್ತು. ಅವ್ವ ಹಲ್ಲು ಕಚ್ಚಿ ಒತ್ತುತ್ತಿದ್ದಳು, ಅವಳ ಕತ್ತಿನ ನರ ಉಬ್ಬಿದ್ದವು. ಇಷ್ಟು ಜೋರು ಹಾಕುತ್ತಿದ್ದಾಳೆ, ಬಾಗಿಲು ಯಾಕೆ ನಿಲ್ಲುತ್ತಿಲ್ಲ?

ಆಗ ಕಂಡಿತು. ಅವ್ವ ಕೀಲಿನ ಮಗ್ಗುಲಲ್ಲೇ ಕೂತಿದ್ದಳು. ಕೀಲಿನಿಂದ ಒಂದು ಗೇಣೂ ದೂರವಿಲ್ಲದ ಕಡೆ ಆನೆ ಕೂತರೂ ಏನು ಪ್ರಯೋಜನ? ಆ ವಾರವಷ್ಟೇ ಈ ಲೆಕ್ಕ ಮಾಡಿದ್ದೆ, ತಪ್ಪಿಲ್ಲದೆ.

"ಈ ಕಡ ಬಾ ಅವ್ವ! ಅಂಚಿಗೆ ಬಾ!"

ಅವ್ವ ಅಲುಗಲಿಲ್ಲ. ಅವಳ ಕಣ್ಣು ಎದುರಿಗೆ ಹೋಯಿತು, ನನಗೆ ಕಾರಣ ತಿಳಿಯಿತು. ಅಂಚಿನ ಕಡೆ ಕೂತರೆ ಕಾಲು ಚಾಚುವ ಜಾಗದಲ್ಲಿ ಶಿವನ ಕಟ್ಟೆ. ಅದರ ಮೇಲೆ ಪುಟ್ಟ ಲಿಂಗ, ಬೆಳಿಗ್ಗೆ ಇಟ್ಟ ವಿಭೂತಿ, ಕಣಗಿಲೆ ಹೂವು, ಆರದ ದೀಪ.

"ದೇವ್ರಿಗೆ ಕಾಲ್ ಕೊಡದಾ? ಆಗಲ್ಲ ಕಣಮ್ಮಿ."

ಹೊರಗೆ ಕೊಲ್ಲಲು ನಿಂತಿದ್ದಾನೆ, ಒಳಗೆ ಇವಳಿಗೆ ಮಡಿ! ನನಗೆ ಅಪ್ಪನಿಗಿಂತ ಅವ್ವನ ಮೇಲೆ ಹೆಚ್ಚು ಸಿಟ್ಟು ಬಂತು. ಅವಳ ತೋಳು ಹಿಡಿದು ದರದರ ಎಳೆದೆ. "ಸಾಯ್ತೀಯ ಕಣವ್ವ! ಕೊಡು ಕಾಲ!"

ಮುಂದಿನ ಏಟಿಗೆ ಬಾಗಿಲು ಇನ್ನಷ್ಟು ಬಿಟ್ಟುಕೊಂಡು ಅಪ್ಪನ ಮುಖ ಕಂಡಿತು. ಆಗ ಅವ್ವ "ಶಿವ್ನೇ" ಎಂದು ಕಿರುಚಿ, ಅಂಚಿಗೆ ಬೆನ್ನು ಕೊಟ್ಟು, ಎರಡೂ ಅಂಗಾಲನ್ನು ಕಟ್ಟೆಗೆ ಒದ್ದಳು. ದೀಪ ಉರುಳಿತು. ಉರಿಯುತ್ತಿದ್ದ ಎಣ್ಣೆ ಅವಳ ಪಾದದ ಮೇಲೆ ಚೆಲ್ಲಿತು. ಬಾಗಿಲು ಧಡ್ ಎಂದು ಚೌಕಟ್ಟಿಗೆ ಕೂತಿತು.

ಆಮೇಲೆ ಅವನು ಎಷ್ಟು ಗುದ್ದಿದರೂ ಅದು ಕದಲಲಿಲ್ಲ. ಕೊನೆಗೆ ಹುಚ್ಚು ಹಿಡಿದವನಂತೆ ಹಲಗೆಯನ್ನೇ ಕೊಚ್ಚತೊಡಗಿದ. ಮಚ್ಚು ಮರದಲ್ಲಿ ಸಿಕ್ಕಿಕೊಂಡಿತು, ಕೀಳಲು ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಓಡಿಬಂದು ಅವನನ್ನು ಹಿಡಿದು ಹೊರಗೆ ಎಳೆದುಕೊಂಡು ಹೋದರು.

"ಏನೂ ಆಗಿಲ್ಲ ಬುಡ್ರಪ್ಪ, ಬಾಗ್ಲು ಅಂಗೇ ಅದ," ಎಂದ ಅವರಲ್ಲೊಬ್ಬ.

ಈ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬಾಗಿಲು ಹಾಗೇ ಇದ್ದರೆ ಏನೂ ಆಗಿಲ್ಲವೇ? ಅದನ್ನು ಹಾಗೇ ಇಡಲು ಒಬ್ಬಳ ಬೆನ್ನುಮೂಳೆ ಬೇಕಾಯಿತು. ಸಮತೋಲನ ಅಂದರೆ ಶಾಂತಿ ಅಂತ ಬರೆದ ಹುಡುಗರಿಗೆ ನಾನು ಸೊನ್ನೆ ಕೊಡುತ್ತೇನೆ.

ಅದೇ ಸಂಜೆ ಅವ್ವ ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿಕೊಂಡು, ಸೆರಗಿನಲ್ಲಿ ಶಿವನನ್ನು ಕಟ್ಟಿಕೊಂಡು, ನನ್ನ ಜೊತೆ ಚಾಮರಾಜನಗರದ ಬಸ್ಸು ಹತ್ತಿದಳು. ಊರು ಹತ್ತಿರವಾದಾಗ ಸೆರಗಿನಲ್ಲಿದ್ದ ಶಿವನನ್ನು ಮುಟ್ಟಿ, ನನ್ನ ಕಡೆ ತಿರುಗಿ, "ಒದ್ರೂ ಸುಮ್ನೆ ತಡ್ಕಂಡ ಕಣಮ್ಮಿ," ಎಂದಳು. ನಾವು ಮತ್ತೆ ಆ ಮನೆಗೆ ಹೋಗಲಿಲ್ಲ.

ಹೋದ ವರ್ಷ ಗುಂಡ್ಲುಪೇಟೆಯಲ್ಲೇ ಬೇರೆ ಬಾಡಿಗೆ ಮನೆಗೆ ಬಂದೆವು. ದೇವರನ್ನು ಈಶಾನ್ಯಕ್ಕೆ ಇಡಿ ಎಂದು ಓನರಮ್ಮ ಹೇಳುತ್ತಿದ್ದರು. ಅವ್ವ ಅವರ ಕಡೆ ತನ್ನ ಎಡಗಿವಿ ತಿರುಗಿಸಿದಳು. ಸಣ್ಣ ಕೋಣೆಯ ಬಾಗಿಲನ್ನು ಬೆರಳಿನಿಂದ ತಳ್ಳಿ, ಅದು ಯಾವ ಕಡೆ ತಿರುಗುತ್ತದೆ ಎಂದು ನೋಡಿದಳು. ಕೀಲು ಮುಟ್ಟಿದಳು. ಅಲ್ಲಿಂದ ಹಲಗೆಯ ಮೇಲೆ ಗೇಣು ಹಾಕುತ್ತಾ ಅಂಚಿನವರೆಗೂ ಬಂದು, ಅಲ್ಲಿ ನೆಲಕ್ಕೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು, ಸುಟ್ಟ ಕಲೆಯ ಪಾದ ಮುಂದಕ್ಕೆ ಚಾಚಿದಳು.

"ಇಲ್ಲೇ ಇಡು ಶಿವನ್ನ," ಎಂದಳು. "ಕಾಲಿಗೆ ಸಿಗಂಗೆ."