ಬೆಳಗಲಿಯಿಂದ ತಿರುಗಿ ಬಂದ ಹೀರೆ

ಹೀರೆಕಾಯಿ ಹೆಚ್ಚುವ ಮೊದಲು ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡಬೇಕು. ನಾನು ಮದುವೆಯಾಗಿ ಬನಹಟ್ಟಿಗೆ ಬಂದ ಹೊಸತರಲ್ಲೇ ಅತ್ತೆ ಇದನ್ನು ಕಲಿಸಿದ್ದರು. ಅಂದಿನಿಂದ ಎಷ್ಟು ಕಾಯಿ ಮುಟ್ಟಿಸಿದ್ದೇನೋ, ನಮ್ಮ ಹಿತ್ತಲಿನದು ಒಂದೂ ಕಹಿ ಬಂದಿರಲಿಲ್ಲ. ಹೋದ ಶ್ರಾವಣದಲ್ಲಿ ಮೊದಲ ಕಾಯಿ ಮುಟ್ಟಿಸಿದೆ ನೋಡಿ, ಕಣ್ಣಲ್ಲಿ ನೀರೇ ಬಂತು. ಮೋರಿಗೆ ಉಗುಳಿ, ಬಾಯಿ ಮುಕ್ಕಳಿಸಿ, ಇನ್ನೊಂದು ಕೊಯ್ದೆ. ಅದೂ ಕಹಿ. ಬೇರೆ ಬಳ್ಳಿಯದು ತಂದು ನೋಡಿದೆ. ಅದೂ ವಿಷ ಇದ್ದ ಹಾಗೆಯೇ ಇತ್ತು.

ನನಗೆ ಕೆಟ್ಟ ಸಿಟ್ಟು ಬಂತು. ನಳಕ್ಕೆ ನೀರು ಬರದ ದಿನಗಳಲ್ಲಿ ಪಾತ್ರೆ ತೊಳೆದ ನೀರು ಹೊತ್ತು ಹಾಕಿದ್ದೆ. ಮಂಗಗಳ ಹಿಂದೆ ಕೋಲು ಹಿಡಿದು ಓಡಿದ್ದೆ, ಅದೂ ಈ ಮೊಣಕಾಲಿನಲ್ಲಿ. ಮುಂದಿನ ಕೋಣೆಯಲ್ಲಿ ಮನೆಯವರ ಮಗ್ಗಗಳು ಬೆಳಗಿನಿಂದ ಬಡಿದುಕೊಳ್ಳುತ್ತವೆ. ಆ ಸದ್ದಿನಲ್ಲಿ ಅಡಿಗೆ, ಆ ಸದ್ದಿನಲ್ಲಿ ನೂಲು ಸುತ್ತುವುದು, ಸಂಜೆಗೆ ತಲೆ ಧಿಮ್ ಎನ್ನುವಾಗ ಹಿತ್ತಲು. ಇಷ್ಟೆಲ್ಲ ಮಾಡಿ ಕಡೆಗೆ ಕೈಗೆ ಬಂದದ್ದು ಇದು. ಹಾಳಾಗಿ ಹೋಗಲಿ ಎಂದು ಇಳಿಗೆಮಣೆಯನ್ನು ಕಾಲಲ್ಲಿ ಸರಿಸಿ ಕೂತುಬಿಟ್ಟೆ.

ಒಳಗಿನಿಂದ ಅತ್ತೆ ಕೇಳಿದರು, "ಹೀರಿಕಾಯಿ ಕೊಯ್ದೀ ಏನ ಯವ್ವಾ?"

ಅವರಿಗೆ ಜ್ವರ ಬಂದು ಬಿಟ್ಟು ತಿಂಗಳಾಗಿತ್ತು. ಜ್ವರ ಹೋದರೂ ಬಾಯಿರುಚಿ ತಿರುಗಿ ಬಂದಿರಲಿಲ್ಲ. ಬಿಸಿ ರೊಟ್ಟಿ ಕೊಟ್ಟರೆ ಮುರಿದು ಗಂಗಾಳದ ಅಂಚಿಗೆ ಇಡುತ್ತಿದ್ದರು, ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು. "ನಮ್ಮ ಹೀರಿ ಕಾಯಿ ಬಿಡಲಿ, ಉಣತೇನಿ" ಎನ್ನುವುದೊಂದೇ ಮಾತು. ನಾನೂ ಅದನ್ನೇ ನಂಬಿಕೊಂಡು ದಿನಾ ಬಳ್ಳಿಯನ್ನು ನೋಡುತ್ತಿದ್ದೆ.

ಆ ಹೀರೆ ಅತ್ತೆಯ ತವರಿನದು. ಬೀಳಗಿ ಕಡೆ ಹೊಳೆದಂಡೆಯ ಊರು, ಈಗ ಹಿನ್ನೀರಿನೊಳಗಿದೆ. ಊರು ಬಿಡುವಾಗ ಮಂದಿ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಗಾಡಿಗೆ ಹೇರಿದರಂತೆ. "ಎಲ್ಲಾ ಒಯ್ದರು, ಹಿತ್ತಲಾ ಯಾರೂ ಒಯ್ಯಲಿಲ್ಲ" ಎಂದು ಅತ್ತೆ ಈಗಲೂ ಹೇಳುತ್ತಾರೆ. ಅವರ ಅಣ್ಣ ಮಾತ್ರ ಬೇಲಿಯ ಮೇಲೆ ಒಣಗಿದ್ದ ಒಂದು ಹೀರೆಕಾಯಿ ಹರಿದು ತಂದು ತಂಗಿಯ ಕೈಗೆ ಕೊಟ್ಟಿದ್ದ. ಗಿಡ್ಡ ಕಾಯಿ, ಏಣುಗಳು ಅಷ್ಟು ಚೂಪಿಲ್ಲ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದರೆ ಓಣಿಗೆಲ್ಲ ವಾಸನೆ. ಅಣ್ಣ ಈಗಿಲ್ಲ. ಹೊಸ ಊರಿನಲ್ಲಿರುವ ಅವನ ಮಕ್ಕಳು ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುತ್ತಾರೆ. ಆ ಹೀರೆ ಉಳಿದದ್ದು ನಮ್ಮ ಹಿತ್ತಲಿನಲ್ಲಿ, ಮತ್ತು ನಾನು ಬೀಜ ಕೊಟ್ಟವರ ಹಿತ್ತಲುಗಳಲ್ಲಿ.

ಬೀಜ ಅದಲುಬದಲು ಮಾಡಿಕೊಳ್ಳುವವರು ನಾವೊಂದು ಐದಾರು ಜನ. ಕಾರಹುಣ್ಣಿಮೆಗೆ ಮುಂಚೆ ಒಂದು ದಿನ ಜಮಖಂಡಿಯಲ್ಲಿ, ರಿಟೈರಾದ ಅಕ್ಕೋರೊಬ್ಬರ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಅವರು ಸಾಲಿಯಲ್ಲಿ ಕಲಿಸುತ್ತಿದ್ದವರು, ಈಗ ಮಾಳಿಗೆಯ ಮೇಲೆ ಬದನೆ ಬೆಳೆಯುತ್ತಾರೆ. ಪೇಪರಿನ ಪೊಟ್ಟಣಗಳಲ್ಲಿ ಪುಂಡಿ, ಚವಳಿ, ಬದನೆ, ಸವತೆ ಬೀಜಗಳು ಕೈ ಬದಲಾಗುತ್ತವೆ. ಚಹಾ ಕುಡಿದು, ಚುರುಮುರಿ ತಿಂದು, ಯಾರ ಮನೆಯ ಗಿಡಕ್ಕೆ ಏನು ರೋಗ ಎಂದು ಮಾತಾಡಿ ಬಸ್ಸು ಹತ್ತುತ್ತೇವೆ. ಬೀಜ ಒಯ್ದವರು ಮುಂದಿನ ವರ್ಷ ಅದನ್ನು ಬೆಳೆದು ತಿರುಗಿ ತರಬೇಕು ಎನ್ನುವುದು ನಮ್ಮ ರೂಢಿ.

ಕಹಿಯಾದ ದಿನ ಮಧ್ಯಾಹ್ನ ಅಕ್ಕೋರಿಗೇ ಮೊದಲು ಫೋನು ಹಚ್ಚಿದೆ. ನಮ್ಮ ಹೀರೆ ಕಹಿಯಾಗಿದೆ ಎಂದೆ.

"ನಂದೂ ಕಹಿನ ಬಂತರೀ. ನೀವು ಬ್ಯಾಸರಾ ಮಾಡ್ಕೊಂತೀರಿ ಅಂತ ಹೇಳಲಿಲ್ಲ."

"ಅಯ್ಯ ಶಿವನ! ಹೇಳಬೇಕಿಲ್ಲೇನ್ರೀ?"

"ಹ್ಯಾಂಗ ಹೇಳೂದ್ರೀ, ನಿಮ್ಮ ಅತ್ತಿಯಾರ ತವರಮನಿದು. ಹ್ವಾದ ವರ್ಷ ನಿಮ್ಮ ಬೇಲಿ ಹತ್ರ ಕಾಡಹೀರಿ ಏನರ ಇತ್ತೇನು?"

ಇತ್ತು. ನಮ್ಮ ಹಿತ್ತಲಿನ ಪಕ್ಕದ ಖುಲ್ಲಾ ಜಾಗದಲ್ಲಿ ತಾನಾಗಿಯೇ ಹುಟ್ಟಿ ಗೋಡೆ ಹತ್ತಿ ಈಚೆಗೆ ಇಳಿದಿತ್ತು. ನಾನು ಕುಡುಗೋಲು ಹಿಡಿದು ಹೋದಾಗ ಅತ್ತೆಯೇ ತಡೆದಿದ್ದರು. ಕಾಡಹೀರೆ ಕಹಿ, ಆದರೂ ಅದರ ಬಳ್ಳಿಯನ್ನು ನಮ್ಮಲ್ಲಿ ಯಾರೂ ಕಡಿಯುವುದಿಲ್ಲ. ಅದು ಔಷಧದ ಬಳ್ಳಿ, ಯಾರಾದರೂ ಕೇಳಿಕೊಂಡು ಬರುತ್ತಾರೆ, ಬಂದವರಿಗೆ ಇಲ್ಲ ಎನ್ನಬಾರದು. ಹಾಗಾಗಿ ಎರಡೂ ಬಳ್ಳಿಗಳು ಒಂದೇ ಗೋಡೆಯ ಮೇಲೆ ಸಂಜೆ ಹಳದಿ ಹೂ ಅರಳಿಸಿಕೊಂಡು ನಿಂತಿದ್ದವು. ಹೂಗಳು ಬೆರಕೆಯಾಗಿದ್ದವು. ಆ ವರ್ಷ ತಿಂದ ಕಾಯಿ ಸಿಹಿಯಾಗಿಯೇ ಇತ್ತು, ಅದರೊಳಗಿನ ಬೀಜ ಕೆಟ್ಟಿತ್ತು. ಅದೇ ಬೀಜವನ್ನು ನಾನು ಹೊಸದು, ಛಲೋ ಐತಿ ಎಂದು ಎಲ್ಲರಿಗೂ ಹಂಚಿ ಬಂದಿದ್ದೆ, ಹಳೆಯದನ್ನು ಇಟ್ಟುಕೊಂಡಿರಲಿಲ್ಲ.

"ಹಳೇ ಬೀಜ ಇಟ್ಟೀರೇನ್ರೀ ಅಕ್ಕೋರ?"

"ಇಲ್ಲರೀ. ವರ್ಷಾ ನೀವು ಹೊಸಾವು ಕೊಡತೀರಲ್ಲ, ಹಳೇವು ಯಾಕ ಅಂತ ಗುಬ್ಬಿಗೆ ಚೆಲ್ಲಿಬಿಟ್ಟೆ."

ನಮ್ಮ ಕೂಟದ ರಬಕವಿಯವರಿಗೆ ಕೇಳಿದೆ, ಬೀಳಗಿಯವರಿಗೆ ಕೇಳಿದೆ. ಎಲ್ಲರದೂ ಕಹಿ, ಯಾರೂ ಹೇಳಿರಲಿಲ್ಲ. ಎಲ್ಲರೂ ಮಣ್ಣಿಗೆ, ಬಿಸಿಲಿಗೆ ಬೈದುಕೊಂಡು ಸುಮ್ಮನಿದ್ದರು. ಹಳೆಯ ಬೀಜವೂ ಯಾರಲ್ಲೂ ಇಲ್ಲ. "ನಿಮ್ಮ ಕಡೆ ಇದ್ದ ಇರತಾವಲ್ಲ ಅಂತ ನಾವು ಇಡಲಿಲ್ಲ" ಎಂದು ಎಲ್ಲರದೂ ಒಂದೇ ರಾಗ. ನನ್ನ ಕಡೆ ಇರುತ್ತದೆ ಎಂದು ಊರೂರಿನವರು ನಿಶ್ಚಿಂತೆಯಿಂದ ಇದ್ದಾರೆ, ನಾನು ಅವರ ಕಡೆ ಇರುತ್ತದೆ ಎಂದು ನಿಶ್ಚಿಂತೆಯಿಂದ ಇದ್ದೇನೆ! ನಗು ಬರಬೇಕಿತ್ತು, ಅಳು ಬಂತು. ನೀರಿನಲ್ಲಿ ಹೋದ ಊರಿನದು ಇದೊಂದು ಉಳಿದಿತ್ತು, ಅದೂ ಹೋಯಿತು ಎನಿಸಿತು.

ಅತ್ತೆಗೆ ಹೇಳದೆ ವಿಧಿ ಇರಲಿಲ್ಲ. ಎಲ್ಲ ಕೇಳಿಸಿಕೊಂಡು ಗೋಡೆಯ ಕಡೆ ನೋಡಿದರು.

"ನಾನ ಕಡೀಬ್ಯಾಡ ಅಂದಿದ್ದೆ" ಎಂದರು.

"ಇರಲಿ ಬಿಡ್ರಿ ಅತ್ತಿ, ಯಾರಿಗೆ ಗೊತ್ತಿತ್ತು."

ಆವತ್ತಿನಿಂದ ಅತ್ತೆ ಹೀರೆಕಾಯಿ ಕೇಳುವುದನ್ನೇ ಬಿಟ್ಟರು. ಗಂಜಿ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಹಟ ಮಾಡುತ್ತಿದ್ದಾಗ ಬೈದುಕೊಳ್ಳುತ್ತಿದ್ದ ನನಗೆ ಈ ಸುಮ್ಮನಿರುವಿಕೆ ಇನ್ನೂ ಹೆದರಿಕೆ ಹುಟ್ಟಿಸಿತು.

ಉಳಿದವರು ಒಬ್ಬರೇ, ರನ್ನ ಬೆಳಗಲಿಯ ಕಾಕಾ. ಕಬ್ಬಿನ ರೈತರು, ವಯಸ್ಸಾದವರು. ನಮ್ಮ ಕೂಟಕ್ಕೆ ತಪ್ಪದೆ ಬರುತ್ತಿದ್ದರು, ತಪ್ಪದೆ ಬೀಜ ಒಯ್ಯುತ್ತಿದ್ದರು, ಒಂದು ಕಾಳನ್ನೂ ತಿರುಗಿ ತಂದವರಲ್ಲ. "ನಿಮ್ಮ ಮನೀಗೆ ಹ್ವಾದ ಬೀಜ ತಿರುಗಿ ಬರೂ ದಾರಿ ಮರೀತಾವೇನ್ರೀ ಕಾಕಾ?" ಎಂದು ನಾನೇ ಎಲ್ಲರೆದುರು ಕಾಡಿಸಿದ್ದುಂಟು. ಅವರು ತಲೆಯ ಪಟಕಾ ಸರಿಮಾಡಿಕೊಂಡು ನಗುತ್ತಿದ್ದರು. ಕಾಡಹೀರೆ ಹುಟ್ಟುವುದಕ್ಕಿಂತ ಮೊದಲು ಒಂದು ಸಲ ನನ್ನಿಂದ ಇಡೀ ಒಣಗಾಯಿಯನ್ನೇ ಇಸಿದುಕೊಂಡಿದ್ದರು. "ಬಿಡಿ ಬೀಜ ಕಳೀತಾವ, ಕಾಯಿನ ಕೊಡವಾ ತಂಗಿ" ಎಂದಿದ್ದರು. ಜುಗ್ಗ ಮನುಷ್ಯ, ಕೇಳುವುದರಲ್ಲಿ ಮಾತ್ರ ಶೂರ ಎಂದು ಆವತ್ತು ಹೊಟ್ಟೆ ಉರಿದುಕೊಂಡೇ ಕೊಟ್ಟಿದ್ದೆ.

ಅವರು ಫೋನು ಎತ್ತುವುದೇ ಅಪರೂಪ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ನಿಂತೇ ಹೋದೆ. ಬೆಳಗಲಿಯಲ್ಲಿ ಇಳಿಯುವಷ್ಟರಲ್ಲಿ ಮೊಣಕಾಲು ನನ್ನದಲ್ಲ ಎನ್ನುವಂತಾಗಿತ್ತು. ಬೀಜ ಇರುತ್ತದೆ ಎಂಬ ಆಸೆಯೂ ಇರಲಿಲ್ಲ. ಒಂದು ಸಲ ಕೇಳಿಬಿಟ್ಟರೆ ಮುಗಿಯಿತು, ಆಮೇಲೆ ಈ ಹಿತ್ತಲಿನ ಸಹವಾಸವೇ ಸಾಕು ಎಂದುಕೊಂಡಿದ್ದೆ.

ಕಾಕಾ ದನದ ಕೊಟ್ಟಿಗೆಯಲ್ಲಿದ್ದರು. ನನ್ನನ್ನು ನೋಡಿ ಗಾಬರಿಯಾದರು. ವಿಷಯ ಹೇಳಿದೆ. ಅವರು ಮೇಲೆ ನೋಡಿದರು. ನಾನೂ ನೋಡಿದೆ.

ಕೊಟ್ಟಿಗೆಯ ತೊಲೆಯುದ್ದಕ್ಕೂ ನಾವು ಇಷ್ಟು ವರ್ಷ ಕೊಟ್ಟದ್ದೆಲ್ಲ ನೇತಾಡುತ್ತಿತ್ತು. ಅಕ್ಕೋರ ಬದನೆ ಬೀಜದ ಪೊಟ್ಟಣ, ಬೀಳಗಿಯವರ ಸವತೆ, ರಬಕವಿಯವರ ಚವಳಿ. ಪೇಪರಿನ ಪೊಟ್ಟಣಗಳು ಹೊಗೆಗೆ ಕಂದಿದ್ದವು, ಒಂದನ್ನೂ ಬಿಚ್ಚಿರಲಿಲ್ಲ. ನಡುವೆ ನನ್ನ ಹೀರೆಕಾಯಿ. ಬೀಜಕ್ಕೆ ಬಿಟ್ಟ ಕಾಯಿಗೆ ನಾನು ಕಟ್ಟುವ ಕೆಂಪು ನೂಲು ಇನ್ನೂ ಅದರ ತೊಟ್ಟಿನಲ್ಲಿತ್ತು.

"ಹಾಕಲೇ ಇಲ್ಲೇನ್ರೀ ಕಾಕಾ?"

"ಎಲ್ಲಿ ಹಾಕಲವಾ ತಂಗಿ? ಕಬ್ಬು ಹಿತ್ತಲ ಬಾಗಲಾ ತನಕ ಬಂದೈತಿ ನೋಡು. ಹುಡುಗರು ಒಂದ ಗೇಣು ಜಾಗಾ ಬಿಡೂದಿಲ್ಲ."

"ಮತ್ತ ಯಾಕ ಒಯ್ತಿದ್ರಿ?"

ಅವರು ಎತ್ತಿನ ಮೈ ಸವರುತ್ತ ಬೇರೆ ಕಡೆ ನೋಡಿದರು.

"ನೀವೆಲ್ಲಾ ಕೂತು ಮಾತಾಡತೀರಿ, ಕೇಳಾಕ ಛಲೋ ಅನಸತೈತಿ. ಇಲ್ಲಿ ಕಬ್ಬಿಂದ ಬಿಟ್ಟು ಬ್ಯಾರೆ ಮಾತಿಲ್ಲ. ಸುಮ್ಮನ ಬಂದು ಸುಮ್ಮನ ಹ್ವಾದರ, ಇಂವ ಯಾಕ ಬರತಾನ ಅಂತೀರಿ. ಅದಕ್ಕ ಒಯ್ತಿದ್ದೆ. ಒಯ್ದದ್ದನ್ನ ಕೆಡಸಬಾರದು ಅಂತ ಕಟ್ಟಿಟ್ಟೆ."

ಅವರು ಏಣಿ ಹತ್ತಿ ಕಾಯಿ ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಿಲಿಗಿಲಿ ಎಂದಿತು. ಅವರ ಮನೆಯವರು ಚಹಾ ತಂದರು, ಕುಡಿದೆ. ಬಸ್ಸಿನಲ್ಲಿ ಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಬರುವಾಗ ಪುಣ್ಯಕ್ಕೆ ಜಾಗ ಸಿಕ್ಕಿತ್ತು.

ಮರುದಿನ ಕಹಿ ಬಳ್ಳಿಗಳನ್ನೆಲ್ಲ ಕಿತ್ತೆ. ಗೋಡೆಯಾಚೆಯ ಕಾಡಹೀರೆಯನ್ನು ಕಡಿಯಲು ಹೋದಾಗ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, "ಬೇರ ಸೈತ ಕೀಳು" ಎಂದರು. ಬೀಜ ನೆನೆಹಾಕಿ ಊರಿದೆ. ಹಳೆಯ ಬೀಜ, ಅರ್ಧಕ್ಕರ್ಧ ಏಳಲಿಲ್ಲ. ಎದ್ದವನ್ನು ಹುಳ ತಿಂದಿತು, ಉಳಿದವಕ್ಕೆ ಬೂದಿ ಉಗ್ಗಿದೆ. ಮತ್ತೆ ಅದೇ ನೀರು ಹೊರುವುದು, ಅದೇ ಮಂಗಗಳು. ಎಷ್ಟೋ ಸಂಜೆ ಆ ಬಳ್ಳಿಯ ಮುಂದೆ ನಿಂತು, ನೀನು ಕಹಿಯಾದರೆ ನನ್ನ ಕೈಲಿ ಇನ್ನಾಗುವುದಿಲ್ಲ ಎಂದು ಬಾಯಿ ಬಿಟ್ಟೇ ಹೇಳಿದ್ದೇನೆ.

ದಸರೆಯ ಹೊತ್ತಿಗೆ ಮೊದಲ ಕಾಯಿ ಕೈಗೆ ಬಂತು. ತುದಿ ಕೊಯ್ಯಲು ಕೂತಾಗ ಅತ್ತೆ ಕೈ ಚಾಚಿದರು.

"ಇಲ್ಲಿ ತಾ. ಕಡೀಬ್ಯಾಡ ಅಂದಾಕಿ ನಾನು, ಕಹಿ ಇದ್ದರ ನನ್ನ ಬಾಯಿಗೇ ಇರಲಿ."

ಕೊಟ್ಟೆ. ಮೊದಲು ನಾಲಿಗೆಗೆ ಮುಟ್ಟಿಸಿಕೊಂಡರು, ಆಮೇಲೆ ಬಾಯಿಗೆ ಹಾಕಿ ನಿಧಾನವಾಗಿ ಅಗಿದರು. ಮುಂದಿನ ಕೋಣೆಯಲ್ಲಿ ಮಗ್ಗ ಬಡಿಯುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನುಂಗಿದರು.

"ಪಲ್ಯಾ ಮಾಡು, ಎರಡ ರೊಟ್ಟಿ ಬಡಿ" ಎಂದರು. ಆಮೇಲೆ, "ಮುಂದಿನ ಕಾಯಿ ಬೀಜಕ್ಕ ಬಿಡು. ಒಣಗಿದ ಮ್ಯಾಲ ಮೊದಲ ಆ ಬೆಳಗಲಿಯಾಂವಗ ಕೊಟ್ಟು ಬಾ."

"ಅವರು ಹಾಕೂದಿಲ್ಲರೀ ಅತ್ತಿ. ತಿರುಗೀನೂ ಕೊಡೂದಿಲ್ಲ."

"ಅದಕ್ಕ ಹೇಳಾಕತ್ತೇನಿ. ನೀ ನಾ ಹಾಕತೇವಿ, ಕೆಡಸತೇವಿ. ಅಂವ ಇಟ್ಟಿರತಾನ."

ಮತ್ತೆ ಆ ಬಸ್ಸಿನಲ್ಲಿ ನಿಂತು ಹೋಗಬೇಕೆಂದು ನೆನೆಸಿಯೇ ನನ್ನ ಮೊಣಕಾಲು ನೋಯತೊಡಗಿತು. ಹ್ಞೂಂರಿ ಎಂದೆ. ಪಲ್ಯ ಒಲೆಯ ಮೇಲಿಟ್ಟು, ಮಗ್ಗದ ಕೆಳಗೆ ಬಿದ್ದಿದ್ದ ಕೆಂಪು ನೂಲಿನ ತುಂಡೊಂದನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ.