ಶನಿವಾರದ ಗೀಟುಗಳು

ಮಧ್ಯಾಹ್ನ ಮನೆಗೆ ಬಂದು ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಬೆರಳುಗಳಿಂದ ಹಿತ್ತಾಳೆ ಪಾಲಿಶಿನ ವಾಸನೆ ಹೋಗಿಲ್ಲ. ಮೊಸರನ್ನಕ್ಕೆ ನೆಂಚಿಕೊಳ್ಳಲು ಅದು ಅಷ್ಟು ಒಳ್ಳೆಯದಲ್ಲ. ತಟ್ಟೆಯನ್ನು ಬದಿಗಿಟ್ಟು ಡೈರಿ ತೆಗೆದೆ. ಡೈರಿ ಬರೆಯಲು ಶುರುಮಾಡಿದ ಮೇಲೆ ಮೊದಲ ಬಾರಿಗೆ ಇವತ್ತು, ಗೊತ್ತಿದ್ದೂ ಒಂದು ಸುಳ್ಳು ಲೆಕ್ಕ ಬರೆದಿದ್ದೇನೆ. ಅದು ಹೇಗೆ ಬಂತು ಎಂಬುದನ್ನು ನಿಮಗಾದರೂ ಹೇಳಬೇಕು.

ಸ್ವೋರ್ಡ್ಸ್ ಎಂಬ ಈ ಪರದೇಶದ ಊರಿಗೆ ಬಂದ ಹೊಸದರಲ್ಲಿ ನಾನೂ ಗೆಳತಿ ಚೈತ್ರಾಳೂ ಒಂದೇ ಕೋಣೆಯಲ್ಲಿದ್ದೆವು. ಬೇರೆ ಮನೆ ಹುಡುಕಲು ಹೋದರೆ ಮಾಲೀಕರೆಲ್ಲ ಊರಿನ ಯಾರಾದರೊಬ್ಬರ ಶಿಫಾರಸು ಪತ್ರ ಕೇಳುತ್ತಿದ್ದರು. ಸಮೀಪದ ಆಂಗ್ಲಿಕನ್ ಚರ್ಚಿನಲ್ಲಿ ಸೇವೆಗೆ ಜನ ಬೇಕೆಂಬ ಚೀಟಿ ಕಂಡಾಗ ನನಗೆ ದೇವರು ನೆನಪಾಗಲಿಲ್ಲ, ಪತ್ರ ನೆನಪಾಯಿತು. ಅದು ಚಿಕ್ಕ ಚರ್ಚು. ಭಾನುವಾರ ಮೂವತ್ತು ಜನ ಸೇರಿದರೆ ಹೆಚ್ಚು. ಹಾಗಾಗಿ ಬೈಬಲ್ ಪಾಠ ಓದುವುದು, ಹೂವಿಡುವುದು, ಚಹಾ ಮಾಡುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು ಎಲ್ಲವನ್ನೂ ಜನರೇ ಸರದಿಯಲ್ಲಿ ಮಾಡುತ್ತಾರೆ. ನನ್ನ ಪಾಲಿಗೆ ಬಂದದ್ದು ಶನಿವಾರ ಹತ್ತರಿಂದ ಒಂದರವರೆಗೆ ಬಾಗಿಲು ತೆರೆದು ಕೂತು, ನೋಡಲು ಬಂದವರನ್ನು ಸ್ವಾಗತಿಸುವುದು. ಬಿಡುವಿದ್ದಾಗ ಹಿತ್ತಾಳೆ ಉಜ್ಜುವುದು. ಬೈಬಲ್ ಇಡಲು ಅಲ್ಲಿ ರೆಕ್ಕೆ ಚಾಚಿದ ಹಿತ್ತಾಳೆಯ ಹದ್ದೊಂದಿದೆ. ನಾನು ಮನಸ್ಸಿನಲ್ಲಿ ಅದನ್ನು ಗರುಡ ಎಂದೇ ಕರೆಯುತ್ತಿದ್ದೆ. ಹುಣಸೆಹಣ್ಣು ತಂದು ಉಜ್ಜಲೇ ಎಂದು ಒಮ್ಮೆ ಕೇಳಿ, ಬೇಡವೆನ್ನಿಸಿಕೊಂಡೆ.

ಪತ್ರ ಮೂರನೆಯ ವಾರವೇ ಸಿಕ್ಕಿತು. ಬಿಟ್ಟುಬಿಡಬಹುದಿತ್ತು. ಅಷ್ಟರಲ್ಲಿ ಅನುಮಾನ ಶುರುವಾಗಿತ್ತು, ಅನುಮಾನವನ್ನು ಅರ್ಧಕ್ಕೆ ಬಿಡುವವಳು ನಾನಲ್ಲ.

ಸೇವೆಗೆ ಯಾವಾಗಲೂ ಇಬ್ಬರು ಇರಬೇಕೆಂಬುದು ಅಲ್ಲಿಯ ನಿಯಮ. ಗೋಡೆಯ ಮೇಲಿನ ಪಟ್ಟಿಯಲ್ಲಿ ಉಳಿದವರ ಜೋಡಿ ವಾರವಾರವೂ ಬದಲಾಗುತ್ತಿತ್ತು. ನನಗೆ ಮಾತ್ರ ಪ್ರತಿ ವಾರವೂ ಡೆಸ್ಮಂಡ್. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ನಡೆಯಲಾರದ ಮೂವರು ಅಜ್ಜಿಯರನ್ನು ಭಾನುವಾರ ತಮ್ಮ ಕಾರಿನಲ್ಲಿ ಚರ್ಚಿಗೆ ಕರೆತರುವುದು ಇಪ್ಪತ್ತು ವರ್ಷಗಳಿಂದ ಅವರ ಸೇವೆ. ನಾನು ಒಳಕೋಣೆಗೆ ಹೋದರೆ ಹಿಂದೆಯೇ ಬರುತ್ತಿದ್ದರು. ಮುಖವನ್ನೇ ದಿಟ್ಟಿಸುತ್ತಿದ್ದರು. "ಪಕ್ಕದ ಬಾಗಿಲು ಹಾಕಿದೆಯಾ?" ಎಂದು ಕೇಳುತ್ತಿದ್ದರು. ಹಾಕಿದೆ ಅಂದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಇಂಗ್ಲಿಷಿನಲ್ಲಿ ಏಕವಚನ ಬಹುವಚನ ತಿಳಿಯುವುದಿಲ್ಲ, ಆದರೂ ನನಗೆ ಏಕವಚನವೇ ಕೇಳಿಸುತ್ತಿತ್ತು. ಹನ್ನೊಂದೂವರೆಗೆ ಅವರ ಮಗಳು ಹಿಲರಿ ನನಗೆ ಫೋನ್ ಮಾಡಿ "ಎಲ್ಲಾ ಸರಿಯಾಗಿದೆ ತಾನೆ?" ಎಂದು ವಿಚಾರಿಸುತ್ತಿದ್ದಳು. ಬೆಳ್ಳಿ ಬಟ್ಟಲು, ದೀಪದ ಕಂಬ ಇರುವ ಜಾಗ, ಹೊರದೇಶದ ಹುಡುಗಿ. ಇದರಲ್ಲಿ ತಿಳಿಯಲಾರದ್ದೇನಿದೆ?

ಚೈತ್ರಾಳಿಗೆ ಹೇಳಿದೆ.

"ಲೇ, ಹೋದ್ ತಿಂಗ್ಳು ಮತಾಂತರ ಮಾಡ್ತಾರೆ ಅಂತಿದ್ದೆ. ಈಗ ಕಳ್ಳಿ ಅನ್ಕೊಂಡಿದಾರೆ ಅಂತೀಯ. ಕಳ್ಳೀನ ಯಾರೇ ಮತಾಂತರ ಮಾಡ್ತಾರೆ? ಎರಡ್ರಲ್ಲಿ ಒಂದು ಫೈನಲ್ ಮಾಡ್ಕೊ."

"ಬರ್ದಿಡ್ತಾ ಇದೀನಿ ಕಣೇ. ಪ್ರೂಫ್ ಇರ್ಲಿ."

"ನಿನ್ನ ಮದ್ವೆ ಆಗೋನ್ ಕಥೆ ಮುಗೀತು ಬಿಡು."

ಬರೆದೆ. ಶನಿವಾರಕ್ಕೊಂದು ಸಾಲು, ಬಾಗಿಲಿನ ಪ್ರಶ್ನೆಗೊಂದು ಗೀಟು. ಮೊದಲ ವಾರ ಒಂದು, ಎರಡನೆಯದೂ ಒಂದು. ಆಮೇಲೆ ಎರಡು, ಎರಡು, ಮೂರು, ನಾಲ್ಕು. ಏಳನೆಯ ಶನಿವಾರ ಐದು. ಅವತ್ತು ಹಿಲರಿ ಚರ್ಚಿಗೆ ಬಂದಾಗ ಪುಟವನ್ನು ಅವಳ ಮುಂದೆ ಹಿಡಿದೆ. "ನಿಮ್ಮ ತಂದೆ ನನ್ನನ್ನು ಹೀಗೆ ಕಾಯುತ್ತಿದ್ದಾರೆ. ನಂಬಿಕೆ ಇಲ್ಲದಿದ್ದರೆ ನನ್ನ ಹೆಸರು ತೆಗೆದುಬಿಡಿ."

ಹಿಲರಿಗೆ ಕನ್ನಡ ಬಾರದು, ಆದರೆ ಗೀಟು ಯಾರಿಗಾದರೂ ಅರ್ಥವಾಗುತ್ತದೆ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೆಳಗಿಳಿದಳು. ಬೆಂಚಿನ ಮೇಲೆ ಕೂತಳು.

"ನಿಮಗೆ ಯಾರೂ ಹೇಳಲಿಲ್ಲವಾ? ಅವರು ನಿಮ್ಮನ್ನು ಕಾಯುತ್ತಿಲ್ಲ. ಅವರಿಗೆ ಮರೆವು ಶುರುವಾಗಿದೆ, ನೀವು ನೋಡಿಕೊಳ್ಳಲಿ ಅಂತ ನಿಮ್ಮ ಜೊತೆ ಹಾಕಿದ್ದು. ಪಾದ್ರಿಗಳು ಹೇಳಿರುತ್ತಾರೆ ಅಂದುಕೊಂಡೆ." ಹಿಲರಿಯೇ ಹೇಳಿರುತ್ತಾಳೆ ಎಂದು ಪಾದ್ರಿಗಳು ಅಂದುಕೊಂಡಿದ್ದರಂತೆ.

ಡಾಕ್ಟರಿಗೆ ತೋರಿಸಲು ಪುಟದ ಫೋಟೊ ಬೇಕೆಂದಳು. ಡೆಸ್ಮಂಡರನ್ನು ಕೇಳದೆ ಕೊಡಲು ನನಗೆ ಮನಸ್ಸಾಗಲಿಲ್ಲ. ಬಾಗಿಲ ಬಳಿಯಿದ್ದ ಅವರನ್ನು ಕರೆದು ಎಲ್ಲವನ್ನೂ ಓದಿ ಹೇಳಿದೆ, ದಿಟ್ಟಿಸಿದ್ದನ್ನೂ ಸೇರಿಸಿ.

"ನಿನ್ನ ಹೆಸರು ನೆನಪಾಗುತ್ತಿರಲಿಲ್ಲ. ಕೇಳಲು ನಾಚಿಕೆ," ಎಂದರು. ಆಮೇಲೆ, "ಹಿಲರಿ ಹೇಳಿದ್ದನ್ನು ನಾನು ನಂಬಿರಲಿಲ್ಲ. ಹೆದರಿದರೆ ಹೆಚ್ಚು ಹೇಳುತ್ತಾಳೆ, ಪಾಪ ಅನ್ನಿಸಿದರೆ ಕಡಿಮೆ ಹೇಳುತ್ತಾಳೆ. ನಿನಗೆ ನಾನು ಏನೂ ಆಗಬೇಕಾಗಿಲ್ಲ. ಹಾಗಾಗಿ ನಿನ್ನ ಲೆಕ್ಕ ಸರಿಯಾಗಿಯೇ ಇರುತ್ತದೆ."

ಡಾಕ್ಟರು ಪುಟ ನೋಡಿ ಪರೀಕ್ಷೆಗಳಿಗೆ ಬರೆದುಕೊಟ್ಟರು. ಸರದಿ ಬರಲು ತಿಂಗಳುಗಳು ಬೇಕು. ಅಲ್ಲಿಯವರೆಗಿನ ಕರಾರನ್ನು ಡೆಸ್ಮಂಡರೇ ಮಾಡಿದರು. ನಾನು ಬರೆಯುತ್ತಿರಬೇಕು. ಒಂದೇ ದಿನ ಗೀಟುಗಳು ಹತ್ತು ದಾಟಿದರೆ ಅವರು ಕಾರು ಬಿಡುವುದನ್ನು ನಿಲ್ಲಿಸಬೇಕು. ಅಜ್ಜಿಯರ ಜೀವದ ಜೊತೆ ಆಟವಾಡುವುದಿಲ್ಲ ಎಂದರು.

ಆ ಶನಿವಾರಗಳಲ್ಲಿ ಕಿಟಕಿಯ ಬಣ್ಣದ ಗಾಜುಗಳ ಕಥೆ ಹೇಳಿದರು, ಯಾವ ಬೆಂಚಿನಲ್ಲಿ ಯಾರು ಜಗಳವಾಡಿ ಜಾಗ ಬದಲಿಸಿದರೆಂದು ಹೇಳಿ ನಗಿಸಿದರು. ನನ್ನ ಪುಟದಲ್ಲಿ ಅದಕ್ಕೆಲ್ಲ ಸಾಲು ಹಾಕಿರಲಿಲ್ಲ. ಇವತ್ತು ಒಂದು ಗಂಟೆಗೆ ಗೀಟುಗಳನ್ನು ಎಣಿಸಿದೆ. ಹನ್ನೊಂದು.

"ಎಷ್ಟಾಯಿತು?"

"ಎಂಟು."

"ಎಂಟೇ?"

"ಎಂಟೇ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಈ ಸಲ ಹೆಸರು ಹುಡುಕುತ್ತಿರಲಿಲ್ಲ. "ನೀನೂ ಹಿಲರಿಯ ಹಾಗೆ ಆಗುತ್ತಿದ್ದೀಯ," ಎಂದು ಕೋಟು ಹಾಕಿಕೊಂಡು ಹೋದರು.

ಇಷ್ಟು ಬರೆದು ಎದ್ದೆ. ಎಂಟನ್ನು ಹೊಡೆದುಹಾಕಿ ಹನ್ನೊಂದು ಎಂದು ಬರೆದು, ಪುಸ್ತಕ ಹಿಡಿದುಕೊಂಡೇ ಅವರ ಮನೆಗೆ ನಡೆದೆ. ಹನ್ನೆರಡು ನಿಮಿಷದ ದಾರಿ.

ಬಾಗಿಲು ತೆರೆದ ಡೆಸ್ಮಂಡರಿಗೆ ಪುಟ ತೋರಿಸಿದೆ. ಅವರು ಆಶ್ಚರ್ಯಪಡಲಿಲ್ಲ, ಬೈಯಲೂ ಇಲ್ಲ. "ನಾಳೆ ಅಜ್ಜಿಯರು ಹತ್ತು ಗಂಟೆಗೇ ಕೋಟು ಹಾಕಿಕೊಂಡು ಕಿಟಕಿಯಲ್ಲಿ ಕಾಯುತ್ತಾರೆ. ಈಗಲೇ ಹೇಳಬೇಕು," ಎಂದು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತರು. ನಂಬರು ಬರೆದ ಚೀಟಿ ಎಲ್ಲಿದೆ, ಓದಿ ಹೇಳಲೇ ಎಂದು ಕೇಳಿದೆ.

ಬೇಡವೆಂದು ಕೈಯಾಡಿಸಿದರು. ಮೂವರ ನಂಬರನ್ನೂ, ಒಂದಾದ ಮೇಲೊಂದು, ಎಲ್ಲಿಯೂ ತಡವರಿಸದೆ ಒತ್ತಿದರು.