ಮುಚ್ಚದ ರೆಪ್ಪೆ

ನಾಡಿದ್ದು ನನ್ನ ರೆಪ್ಪೆಗಳ ಆಪರೇಷನ್. ಜೋತುಬಿದ್ದ ಚರ್ಮವನ್ನು ಕತ್ತರಿಸಿ ಹೊಲಿಯುತ್ತಾರಂತೆ. ಓದಲು ತೊಂದರೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಪ್ರತಿ ಫೋಟೋದಲ್ಲೂ ನಾನೊಬ್ಬಳೇ ತೂಕಡಿಸುವವಳಂತೆ ಕಂಡು ಸಾಕಾಗಿದೆ. ಮೊದಲೇ ತಂದಿಟ್ಟ ಮುಲಾಮಿನ ಮುಚ್ಚಳ ತೆಗೆದು ಸುಮ್ಮನೆ ಮೂಸಿದೆ. ಆ ವಾಸನೆ ನನ್ನನ್ನು ಚನ್ನಗಿರಿಯ ಮನೆಯ ನಡುಕೋಣೆಗೆ ಕರೆದೊಯ್ದಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪಿಯುಸಿ ಓದುತ್ತಿದ್ದೆ. ಅಪ್ಪನ ತಂಗಿ ಸುಶೀಲತ್ತೆ ನಲ್ಲೂರಿನ ಶಾಲೆಯಲ್ಲಿ ಮೇಡಂ. ಅವರಿಗೂ ಇಂಥದೇ ರೆಪ್ಪೆ. ಮಕ್ಕಳು 'ನಿದ್ದೆ ಮೇಡಂ' ಅನ್ನುತ್ತಿದ್ದರು, ಅತ್ತೆ ನಕ್ಕು ಸುಮ್ಮನಾಗುತ್ತಿದ್ದರು. ಪಾಠದ ವೇಳೆ ತೂಕಡಿಸುತ್ತಾರೆ ಎಂದು ಹೊಸ ಹೆಡ್‌ಮಾಸ್ತರು ಮೇಲಿನವರಿಗೆ ಬರೆದುಬಿಟ್ಟ ದಿನ ಮಾತ್ರ ನಗಲಿಲ್ಲ, ದಾವಣಗೆರೆಯ ಡಾಕ್ಟರನ್ನು ಹುಡುಕಿಕೊಂಡು ಬಸ್ಸು ಹತ್ತಿದರು.

ಅಜ್ಜಿ, ಅಂದರೆ ಅತ್ತೆಯ ತಾಯಿ, ಬೇಡವೆಂದರು. ಅತ್ತೆ ಕೇಳಲಿಲ್ಲ. ಅಂದಿನಿಂದ ಅಜ್ಜಿ ಮಗಳೊಡನೆ ಮಾತು ಬಿಟ್ಟರು.

ಆಪರೇಷನ್ ಮುಗಿಸಿ ಬಂದ ಅತ್ತೆಯ ಕಣ್ಣ ಸುತ್ತ ನೇರಳೆ ಹಣ್ಣಿನ ಬಣ್ಣ. ಬಾವು ಇಳಿಯಲು ಎರಡು ವಾರ, ತಲೆದಿಂಬು ಎತ್ತರಿಸಬೇಕು, ಮುಲಾಮು ಹಚ್ಚಿ ತಣ್ಣನೆ ಬಟ್ಟೆ ಇಡಬೇಕು, ಕೆಲವು ದಿನ ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದಿರಬಹುದು, ಹೆದರಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸೋಡಾ ಅಂಗಡಿಯವರು ಮರದ ಹೊಟ್ಟಿನಲ್ಲಿ ಹೂತಿಟ್ಟ ಮಂಜುಗಡ್ಡೆಯನ್ನು ತಂದು ನಾನು ಬಟ್ಟೆ ತೋಯಿಸುತ್ತಿದ್ದೆ. ಕಿಟಕಿಗೆ ಹಸಿರು ಸೀರೆ ಕಟ್ಟಿದ್ದರಿಂದ ಕೋಣೆಯೆಲ್ಲ ಕೆರೆಯ ತಳದಂತೆ ಕಾಣುತ್ತಿತ್ತು. ಅತ್ತೆಗಿಂತ ಹೆಚ್ಚು ನಿದ್ದೆ ಮಾಡಿದವಳು ನಾನೇ ಇರಬೇಕು. ಬಾಗಿಲಲ್ಲಿ ಹೆಜ್ಜೆ ಸದ್ದಾದರೆ ಅತ್ತೆ, "ಅವ್ವನೇನೇ?" ಎಂದು ಕೇಳುತ್ತಿದ್ದರು. ಅಲ್ಲವೆಂದು ಹೇಳಲು ನನಗೆ ಸಂಕಟವಾಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅಜ್ಜಿ ಬಂದು ಮಂಚದ ಹತ್ತಿರ ಕೂತರು. ಅತ್ತೆಯ ರೆಪ್ಪೆಗಳ ನಡುವೆ ಬಿಳಿ ಗೆರೆ ಕಾಣುತ್ತಿತ್ತು. ಎಚ್ಚರವಿದ್ದಾಳೆ ಅಂದುಕೊಂಡರು.

"ಅವು ನಿಮ್ಮಪ್ಪನ ಕಣ್ಣು ಕಣೇ. ಅವರು ಹೋದ ಮ್ಯಾಲೆ ನಿನ್ನ ಮಕ ನೋಡ್ಕಂಡೇ ದಿನ ದೂಡಿದೆ. ಅವನ್ನ ಕೊಯ್ಸಾಕೆ ಹೊಂಟ್ಯಲ್ಲ ಅಂತ ಸಿಟ್ಟು ಬಂತು. ಹೋಗ್ಲಿ ಬಿಡು, ನೋವು ಹೆಂಗೈತೆ?"

ಉತ್ತರ ಬರಲಿಲ್ಲ. "ಅತ್ತೆ ನಿದ್ದೆ ಮಾಡ್ತಿದಾರೆ ಅಜ್ಜಿ," ಎಂದೆ, ದೊಡ್ಡ ಜಾಣೆಯಂತೆ. ಅಜ್ಜಿಯ ಮುಖ ಸಣ್ಣದಾಯಿತು. "ಅವಳಿಗೆ ಹೇಳ್ಬ್ಯಾಡ," ಎಂದು ಆಣೆ ಹಾಕಿಸಿಕೊಂಡು ಎದ್ದರು. ಆಮೇಲೆ ಊಟ, ಮದ್ದು ಅಂತ ಮಗಳೊಡನೆ ಮಾತಾಡಿದರು. ಆ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಜ್ಜಿ ಇನ್ನೊಮ್ಮೆ ಹೇಳುತ್ತಿದ್ದರೇನೋ ಎಂದು ಎಷ್ಟೋ ವರ್ಷ ಕೊರಗಿದ್ದೇನೆ. ಈಗ ಮುಲಾಮಿನ ಡಬ್ಬಿ ಕೈಯಲ್ಲೇ ಇತ್ತು. ಆಣೆ ಮುರಿದು ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ.

"ನಾನು ಎಚ್ಚರಾಗೇ ಇದ್ದೆ ಕಣೇ," ಎಂದರು.

"ಮತ್ತ್ಯಾಕೆ ಮಾತಾಡ್ಲಿಲ್ಲ?"

"ಹೊಲಿಗೆ ಬಿಚ್ಚೋ ತನಕ ಅಳಬ್ಯಾಡಿ ಅಂದಿದ್ರಲ್ಲ ಡಾಕ್ಟ್ರು. ಬಾಯಿ ಬಿಟ್ಟಿದ್ರೆ ಕಣ್ಣೀರು ನಿಲ್ತಿರಲಿಲ್ಲ."

ಫೋನಿಟ್ಟು ಕನ್ನಡಿಯ ಮುಂದೆ ನಿಂತೆ. ಅಜ್ಜಿ ಅಷ್ಟು ಕಾಲ ನೋಡಿಕೊಂಡಿದ್ದ ಕಣ್ಣು ಇನ್ನು ಉಳಿದಿರುವುದು ನನ್ನ ಈ ಮುಖದಲ್ಲಿ ಮಾತ್ರ. ಆಪರೇಷನ್‌ಗೆ ಇನ್ನೂ ಎರಡು ದಿನವಿತ್ತು. ಅಳಲು ಅಡ್ಡಿಯಿರಲಿಲ್ಲ.